ಎಂಜಿನ್ ಸಿಕ್ತು, ಇನ್ನು ಕೂರಿಸೋದೊಂದೇ ಬಾಕಿ ಅನ್ನೋರಿಗೆ

ನಮ್ಮ ಸೋದರಮಾವನ ಮನೇಲಿ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಶಿರಸಿ ಪೇಟೆಯಿಂದ ಒಳಗೆ ಹೋಗ್ಬೇಕು, ತೋಟದ ಮನೆ, ಗಾಡಿ ನಿಂತಿರೋದು ಅಡಿಕೆ ಚೀಲ ಇಡೋ ಮಾಡಿನ ಕೆಳಗೆ. ಕಂಪನಿಯವ್ರು 1974ರಲ್ಲೇ ಪದ್ಮಿನಿ ಅಂತ ಹೆಸರು ಬದಲಾಯಿಸಿದ್ರೂ, ಮಾವನ ಗಾಡಿ 83ರ ಮಾಡೆಲ್ ಆದ್ರೂ, ಅವ್ರ ಬಾಯಲ್ಲಿ ಅದು ಈಗ್ಲೂ ಫಿಯಾಟೇ. ಹೋದ ವರ್ಷ ಕುಮಟಾಕ್ಕೆ ಒಂದು ಮದುವೆಗೆ ಹೋಗಿ ವಾಪಸ್ ಬರೋವಾಗ ದೇವಿಮನೆ ಘಟ್ಟದಲ್ಲಿ ಮೂರು ಸಲ ನಿಲ್ಲಿಸಿ ನೀರು ಹಾಕಿದ್ದಾಯ್ತು, ಮನೆಗೆ ಬಂದು ಇಳಿದವ್ರೇ "ಅಪ್ಪಿ, ಇದ್ಕೆ ಇನ್ನು ಘಟ್ಟ ಹತ್ತಲೆ ಆಗ್ತಿಲ್ಲೆ, ಬೇರೆ ಎಂಜಿನ್ ಹಾಕ್ಸನ" ಅಂದ್ರು. ನಾನು ಹೂಂ ಅಂದೆ. ಗ್ಯಾರೇಜಿನ ಮೇಸ್ತ್ರಿ ಹತ್ರ ಕೇಳಿದ್ರೆ ಅವ್ರು "ಎಂಜಿನ್ ಯಾವ್ದು ಬೇಕಾದ್ರೂ ಸಿಗ್ತದೆ ಹೆಗಡೇರೆ, ಕೂರಿಸೋದು ಎರಡು ದಿನದ ಕೆಲ್ಸ" ಅಂದ್ರು.

ಆ ಎರಡು ದಿನದ ಮಾತು ನಂಬಿ ನಾವು ಮಾಡಿದ ಮೊದಲ ತಪ್ಪೇ ಈ ಬರಹಕ್ಕೆ ಕಾರಣ. ಗುಜರಿಯಲ್ಲಿ ಒಂದು ಹಳೇ ಮಾರುತಿ ಎಸ್ಟೀಮ್ ಎಂಜಿನ್ ಸಿಕ್ತು, ಕಾರ್ಬೋರೇಟರ್ ಇರೋದು, 1298 ಸಿಸಿ, ಹೊಸದಿದ್ದಾಗ 65 ಬಿಎಚ್‌ಪಿ ಕೊಡ್ತಿದ್ದ ಎಂಜಿನ್. ಪದ್ಮಿನಿದು 1089 ಸಿಸಿ, ಶಕ್ತಿ ನಲವತ್ತರ ಆಸುಪಾಸು. ಲೆಕ್ಕ ಚೆನ್ನಾಗಿದೆ, ರೇಟೂ ಕಡಿಮೆ ಅಂತ ಚೌಕಾಸಿ ಮಾಡಿ ಪಿಕಪ್‌ನಲ್ಲಿ ಹಾಕ್ಕೊಂಡು ಬಂದ್ವಿ. ಮನೆಗೆ ತಂದು ಗೋಣಿಚೀಲದ ಮೇಲೆ ಇಳಿಸಿದ ಮೇಲೆ ಗೊತ್ತಾಯ್ತು, ಈ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಎಂಜಿನ್ನೇ ಅಂತ. ದುಡ್ಡು ಹೋಗೋದು ಎಂಜಿನ್ನಿಗೂ ಗಾಡಿಗೂ ನಡುವೆ ಬರೋ ಸಾಮಾನಿಗೆ: ಗೇರ್‌ಬಾಕ್ಸು, ಕ್ಲಚ್ಚು, ಎಂಜಿನ್ ಕೂರೋ ಫೌಂಡೇಶನ್ನು, ಹಿಂದಿನ ಚಕ್ರದ ಕಡೆ ಓಟ ಒಯ್ಯೋ ಪ್ರೊಪೆಲರ್ ಶಾಫ್ಟು, ರೇಡಿಯೇಟರು, ವೈರಿಂಗು. ಹಾಗಾಗಿ ಕಡಿಮೆ ದುಡ್ಡಲ್ಲಿ ಆಗ್ಬೇಕು ಅಂದ್ರೆ ಹಾರ್ಸ್ ಪವರಿನಿಂದ ಯೋಚನೆ ಶುರು ಮಾಡ್ಬಾರ್ದು, ಗೇರ್‌ಬಾಕ್ಸಿನಿಂದ ಶುರು ಮಾಡ್ಬೇಕು. ಯಾಕೆ ಅಂತ ಮುಂದೆ ಬಿಡಿಸಿ ಹೇಳ್ತೀನಿ.

ಅದಕ್ಕೂ ಮುಂಚೆ, ಬೇಜಾರಾದ್ರೂ ಓದ್ಲೇಬೇಕಾದ ವಿಷಯ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯವ್ರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ತಾಳೆ ಆಗದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಇನ್ನೂ ಬಿಗಿಯಾಗಿ ಹೇಳಿದೆ. ಆರ್‌ಸಿಯಲ್ಲಿ ಎಂಜಿನ್ ನಂಬರ್, ಸಿಸಿ, ಇಂಧನ ಎಲ್ಲ ಬರೆದಿರುತ್ತೆ. ಅದೇ ಮೇಕ್ ಅದೇ ಟೈಪಿನ ಇನ್ನೊಂದು ಎಂಜಿನ್ ಹಾಕೋದು ಒಂದು ಥರ, ಬೇರೆ ಕಂಪನಿಯ ಬೇರೆ ಸಿಸಿಯ ಎಂಜಿನ್ ಹಾಕೋದು ಪೂರ್ತಿ ಬೇರೆ ಥರ, ಎರಡನೇದಕ್ಕೆ ಒಪ್ಪಿಗೆ ಸಿಗೋದು ಕಷ್ಟ, ಸಿಗದೇ ಇರೋ ಸಾಧ್ಯತೆನೇ ಜಾಸ್ತಿ ಅಂತ ತಿಳ್ಕೊಂಡೇ ಹೊರಡಿ. ನಮ್ಮ ಜಿಲ್ಲೇಲಿ ಕಾರವಾರ ಕೆಎ 30, ಶಿರಸಿ ಕೆಎ 31, ಹೊನ್ನಾವರ ಕೆಎ 47, ದಾಂಡೇಲಿ ಕೆಎ 65. ನಿಮ್ಮ ಊರು ಯಾವ ಆಫೀಸಿಗೆ ಬರುತ್ತೋ ಅಲ್ಲಿ ಸಾಮಾನು ತಗೊಳ್ಳೋ ಮುಂಚೆನೇ ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ಇಸ್ಕೊಳ್ಳಿ, ಏಜೆಂಟ್ ಬಾಯಿಮಾತಲ್ಲಿ "ಆಗ್ತದೆ ಬಿಡಿ" ಅಂದಿದ್ದು ಉತ್ತರ ಅಲ್ಲ. ಒಪ್ಪಿಗೆ ಇಲ್ದೆ ರೋಡಿಗೆ ಇಳಿಸಿ ನಾಳೆ ಏನಾದ್ರೂ ಗುದ್ದಿದ್ರೆ ಇನ್ಶೂರೆನ್ಸಿನವ್ರು ಮೊದಲು ನೋಡೋದೇ ಎಂಜಿನ್ ನಂಬರು. ಒಪ್ಪಿಗೆ ಬರದಿದ್ರೆ ಆ ಗಾಡಿ ನಿಮ್ಮ ಅಂಗಳ ಮತ್ತು ತೋಟದ ರಸ್ತೆಗೆ ಮಾತ್ರ, ಅಷ್ಟೇ.

ಇದರ ಜೊತೆಗೇ ಇನ್ನೊಂದು. 2021ರಲ್ಲಿ ವಿಂಟೇಜ್ ವಾಹನಗಳಿಗೆ ಅಂತ ಬೇರೆ ನಿಯಮ ಬಂತು, ಮೊದಲ ನೋಂದಣಿ ಆಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದ ಗಾಡಿಗೆ ಅದು ಅನ್ವಯ ಆಗುತ್ತೆ. ಮಾವನ ಗಾಡಿಗೆ ಐವತ್ತು ತುಂಬೋದು 2033ಕ್ಕೆ. ಅಷ್ಟರಲ್ಲಿ ಯಾರಿಗಾದ್ರೂ ಅದನ್ನ ವಿಂಟೇಜ್ ಮಾಡೋ ಮನಸ್ಸು ಬಂದ್ರೆ? ಹಾಗಾಗಿ ಹಳೇ ಎಂಜಿನ್ನು, ಗೇರ್‌ಬಾಕ್ಸು, ಸ್ಟೇರಿಂಗ್ ಪಕ್ಕದ ಗೇರ್ ಲಿವರಿನ ಲಿಂಕೇಜು ಸಮೇತ ಎಲ್ಲಾನೂ ಗ್ರೀಸ್ ಹಚ್ಚಿ ಮೇಲೆ ಎತ್ತಿಡಿ, ಗುಜರಿಗೆ ಹಾಕ್ಬೇಡಿ. ಮತ್ತೆ ಗಾಡಿಯ ಮೂಲ ಬಾಡೀನ ಕತ್ತರಿಸದೇ, ಬೋಲ್ಟ್ ಬಿಚ್ಚಿದ್ರೆ ಹಿಂದಿನ ಸ್ಥಿತಿಗೆ ಬರೋ ಹಾಗೇ ಕೆಲಸ ಮಾಡಿಸಿ.

ಇನ್ನು ನಿಜವಾಗ್ಲೂ ಎಂಜಿನ್ ಬದಲಾಯಿಸ್ಬೇಕಾ ಅಂತ ಒಮ್ಮೆ ಪರೀಕ್ಷೆ ಮಾಡಿ. ಸಿಲಿಂಡರಿನೊಳಗಿನ ಒತ್ತಡ ಅಳೆಯೋ ಕಂಪ್ರೆಶನ್ ಗೇಜ್ ಗ್ಯಾರೇಜಲ್ಲಿ ಇರುತ್ತೆ, ಎಂಜಿನ್ ಬಿಸಿ ಮಾಡಿ ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ, ನಾಲ್ಕು ಸಿಲಿಂಡರಿನ ರೀಡಿಂಗ್ ಬರ್ಕೊಳ್ಳಿ. ನಾಲ್ಕರ ನಡುವೆ 10-15 ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇರಬಾರ್ದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ, ರೀಡಿಂಗ್ ಏರಿದ್ರೆ ರಿಂಗು ಸವೆದಿದೆ, ಏರದೇ ಇದ್ರೆ ವಾಲ್ವಿನ ತೊಂದ್ರೆ ಅಥವಾ ಹೆಡ್ ಗ್ಯಾಸ್ಕೆಟ್ಟು. ಘಟ್ಟದಲ್ಲಿ ಕುದಿಯೋ ಎಷ್ಟೋ ಗಾಡಿಗಳಲ್ಲಿ ಎಂಜಿನ್ ಸತ್ತಿರೋದೇ ಇಲ್ಲ, ರೇಡಿಯೇಟರ್ ಒಳಗೆ ಬಾವಿನೀರಿನ ಕೆಸರು ಕಟ್ಟಿರುತ್ತೆ, ಇಲ್ಲ ಇಗ್ನಿಷನ್ ಟೈಮಿಂಗ್ ಹಿಂದೆ ಹೋಗಿರುತ್ತೆ. ರೇಡಿಯೇಟರ್ ತೊಳೆದು ಟೈಮಿಂಗ್ ಸರಿ ಮಾಡಿದ್ರೆ ಮುಗೀತು, ಅದಕ್ಕಿಂತ ಲೋ ಬಜೆಟ್ ಇನ್ನೊಂದಿಲ್ಲ. ನಮ್ಮದ್ರಲ್ಲಿ ಎರಡು ಸಿಲಿಂಡರ್ ಬಿದ್ದಿತ್ತು, ಆಯಿಲ್ ಹಾಕಿದ್ರೆ ಏರ್ತಿತ್ತು, ಅಂದ್ರೆ ಸಿಲಿಂಡರ್ ಕೊರೆಸಿ ಬೋರಿಂಗ್ ಮಾಡ್ಸಿದ್ರೆ ಆಗ್ತಿತ್ತು. ನಾನು ಹಾಗೇ ಹೇಳಿದೆ. ಮಾವಂಗೆ ಐದನೇ ಗೇರ್ ಬೇಕಿತ್ತು, ಹುಬ್ಬಳ್ಳಿಗೆ ಹೋಗೋವಾಗ ಎಂಜಿನ್ ಕಿರುಚೋದು ಕೇಳಿ ಕೇಳಿ ಸಾಕಾಗಿದೆಯಂತೆ. ಅದನ್ನ ವಾದ ಮಾಡಿ ಗೆಲ್ಲೋಕೆ ಆಗಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗಾಡಿಯೊಳಗೆ ಎಂಜಿನ್ ಕೂರೋದು ಎರಡು ರೀತಿ, ಉದ್ದಕ್ಕೆ ಅಥವಾ ಅಡ್ಡಕ್ಕೆ. ಪದ್ಮಿನಿ, ಅಂಬಾಸಿಡರ್, ಜಿಪ್ಸಿ, ಓಮ್ನಿ, ಈಕೋ ಇವೆಲ್ಲ ಉದ್ದಕ್ಕೆ ಕೂತ ಎಂಜಿನ್ನು, ಹಿಂದೆ ಗೇರ್‌ಬಾಕ್ಸು, ಅಲ್ಲಿಂದ ಉದ್ದ ಶಾಫ್ಟು, ಹಿಂದಿನ ಎರಡು ಚಕ್ರದ ನಡುವಿನ ಹೌಸಿಂಗಿಗೆ ಓಟ. ಮಾರುತಿ 800, ಝೆನ್, ಎಸ್ಟೀಮ್, ಈಗಿನ ಹೆಚ್ಚಿನ ಸಣ್ಣ ಕಾರು ಎಲ್ಲ ಅಡ್ಡಕ್ಕೆ, ಅದರ ಗೇರ್‌ಬಾಕ್ಸಿನೊಳಗೇ ಎರಡು ಚಕ್ರಕ್ಕೆ ಓಟ ಹಂಚೋ ಡಿಫರೆನ್ಶಿಯಲ್ಲೂ ಇದ್ದು ಸೀದಾ ಮುಂದಿನ ಚಕ್ರ ತಿರುಗಿಸುತ್ತೆ. ಆ ಗೇರ್‌ಬಾಕ್ಸ್ ಪದ್ಮಿನಿಗೆ ನಯಾಪೈಸೆ ಉಪಯೋಗ ಇಲ್ಲ. ಎಂಜಿನ್ ತಗೊಂಡ್ರೂ ಅದಕ್ಕೆ ಹೊಂದೋ, ಉದ್ದಕ್ಕೆ ಕೂರೋ ಗೇರ್‌ಬಾಕ್ಸ್ ಬೇರೆ ಹುಡುಕ್ಬೇಕು.

ಹೊಂದೋದು ಅಂದ್ರೆ ಏನು? ಎಂಜಿನ್ನಿನ ಹಿಂಭಾಗಕ್ಕೂ ಗೇರ್‌ಬಾಕ್ಸಿನ ಮುಂಭಾಗದ ಬೆಲ್ ಹೌಸಿಂಗಿಗೂ ಬೋಲ್ಟಿನ ತೂತು ಒಂದಕ್ಕೊಂದು ಕೂರ್ಬೇಕು, ಇದು ಕಣ್ಣಿಗೆ ಕಾಣೋದು. ಕಾಣದೇ ಇರೋದು ಇನ್ನೂ ಮೂರಿದೆ. ಕ್ಲಚ್ ಪ್ಲೇಟು ಒಂದು ಕಡೆ ಎಂಜಿನ್ನಿನ ಹಿಂದೆ ತಿರುಗೋ ಭಾರದ ಚಕ್ರ, ಅಂದ್ರೆ ಫ್ಲೈವೀಲಿಗೆ ಸರಿಯಾದ ಅಳತೆ ಇರ್ಬೇಕು, ಇನ್ನೊಂದು ಕಡೆ ಮಧ್ಯದ ಹಲ್ಲುಗಳು ಗೇರ್‌ಬಾಕ್ಸಿನ ಶಾಫ್ಟಿಗೆ ಕೂರ್ಬೇಕು. ಆ ಶಾಫ್ಟಿನ ತುದಿ ಕ್ರ್ಯಾಂಕಿನ (ಎಂಜಿನ್ನಿನ ತಿರುಗೋ ಮುಖ್ಯ ದಂಡ) ಹಿಂದಿರೋ ಸಣ್ಣ ಪೈಲಟ್ ಬೇರಿಂಗಿನೊಳಗೆ ಸರಿಯಾಗಿ ಹೋಗ್ಬೇಕು, ಗಿಡ್ಡ ಆದ್ರೆ ಅಲ್ಲಾಡುತ್ತೆ, ಉದ್ದ ಆದ್ರೆ ಕ್ರ್ಯಾಂಕನ್ನೇ ಒತ್ತುತ್ತೆ. ಮೂರನೇದು ಸೆಲ್ಫು, ಅದರ ಪಿನಿಯನ್ ಅನ್ನೋ ಸಣ್ಣ ಹಲ್ಲುಚಕ್ರ ಫ್ಲೈವೀಲಿನ ರಿಂಗಿಗೆ ಸರಿಯಾದ ಆಳದಲ್ಲಿ ಕಚ್ಚಬೇಕು. ಇಷ್ಟೂ ಬೇರೆ ಬೇರೆ ಕಂಪನಿಯದ್ದಾದ್ರೆ ನಡುವೆ ಅಡಾಪ್ಟರ್ ಪ್ಲೇಟ್ ಮಾಡಿಸ್ಬೇಕು. ದಪ್ಪ ಪ್ಲೇಟಿಗೆ ತೂತು ಹೊಡೆಯೋದೇನು ಮಹಾ ಅಂತ ನಮ್ಮ ಲೇತಿನವ್ರೂ ಅಂದ್ರು, ಆದ್ರೆ ಕ್ರ್ಯಾಂಕಿನ ಮಧ್ಯಕ್ಕೂ ಗೇರ್‌ಬಾಕ್ಸ್ ಶಾಫ್ಟಿನ ಮಧ್ಯಕ್ಕೂ ಹೆಚ್ಚೂಕಡಿಮೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ತಪ್ಪು ನಡೆಯೋದು, ಡಯಲ್ ಗೇಜ್ ಇಟ್ಟು ನೋಡ್ಬೇಕು. ಅದಕ್ಕಿಂತ ಜಾಸ್ತಿ ತಪ್ಪಿದ್ರೆ ಮೊದಲು ಓಡುತ್ತೆ, ಆಮೇಲೆ ಕ್ಲಚ್ ಎಳೆಯುತ್ತೆ, ಆಮೇಲೆ ಬೇರಿಂಗ್ ಕೂಗುತ್ತೆ, ಕೊನೆಗೆ ಎಲ್ಲೋ ಯಾಣದ ಕ್ರಾಸಲ್ಲಿ ನಿಲ್ಲುತ್ತೆ.

ಆದ್ದರಿಂದ ಕಡಿಮೆ ದುಡ್ಡಿನ ದಾರಿ ಒಂದೇ, ಎಂಜಿನ್ನು ಗೇರ್‌ಬಾಕ್ಸು ಎರಡೂ ಒಂದೇ ಗಾಡಿಯಿಂದ, ಬಿಚ್ಚದೇ ಜೋಡಿಯಾಗಿ ತಗೊಳ್ಳೋದು. ಆಗ ಈ ಮೇಲಿನ ಪ್ಯಾರಾ ಪೂರ್ತಿ ನಿಮಗೆ ಬೇಡವೇ ಬೇಡ.

ಯಾವ ಗಾಡಿ? ಓಮ್ನಿ ಎಲ್ಲಾ ಕಡೆ ಸಿಗುತ್ತೆ, ನಮ್ಮ ಮೇಸ್ತ್ರಿ ಮೊದಲು ಹೇಳಿದ್ದೂ ಅದನ್ನೇ, ಆದ್ರೆ 796 ಸಿಸಿ ಮೂರು ಸಿಲಿಂಡರಿನ ಎಂಜಿನ್ನು ಪದ್ಮಿನಿಯ ಸ್ವಂತ ಎಂಜಿನ್ನಿಗಿಂತ ಕಡಿಮೆ ಶಕ್ತಿದು, ಇಷ್ಟೆಲ್ಲ ಖರ್ಚು ಮಾಡಿ ಘಟ್ಟದಲ್ಲಿ ಇನ್ನೂ ನಿಧಾನ ಆಗೋದು ಯಾಕೆ. 2022ರವರೆಗಿನ ಈಕೋದು 1196 ಸಿಸಿ, ಶಕ್ತಿ 70ರ ಮೇಲೆ, ಐದು ಗೇರು, ಚಂದದ ಎಂಜಿನ್ನು. ಆದ್ರೆ ಅದು ಸೀಟಿನಡಿ ಕೂರೋ ಹಾಗೆ ಮಾಡಿದ್ದು, ಅದರ ಚೇಂಬರು (ಕೆಳಗೆ ಆಯಿಲ್ ನಿಲ್ಲೋ ತೊಟ್ಟಿ), ಗಾಳಿ ಹೊಗೆ ಹೋಗೋ ಮ್ಯಾನಿಫೋಲ್ಡು, ಗೇರ್ ಲಿವರಿನ ಸಲಾಕೆಗಳು ಎಲ್ಲ ಆ ಜಾಗಕ್ಕೆ ತಕ್ಕ ಹಾಗೆ ಇರುತ್ತೆ, ಮುಂದಿನ ಬಾನೆಟ್ಟಿಗೆ ತಂದ್ರೆ ಲಿವರ್ ಎಲ್ಲಿಂದ ಏಳುತ್ತೆ ಅಂತ ಮೊದಲೇ ನೋಡ್ಬೇಕು. ಪ್ರೀಮಿಯರ್ ಕಂಪನಿಯದ್ದೇ 118 ಎನ್‌ಇ ಇತ್ತು, 1985ರಲ್ಲಿ ಬಂದಿದ್ದು, ಅದರಲ್ಲಿ ನಿಸಾನ್ ಎ12 ಎಂಜಿನ್ನು, 1171 ಸಿಸಿ, 52 ಬಿಎಚ್‌ಪಿ. ಅಳತೆಯಲ್ಲಿ ಇದು ಪದ್ಮಿನಿಗೆ ಹತ್ತಿರದ ನೆಂಟ, ಬೇಜಾರು ಏನಂದ್ರೆ ಈಗ ಅದರ ಸಾಮಾನು ಪದ್ಮಿನಿಯಷ್ಟೇ ಅಪರೂಪ. ಇನ್ನು ಜಿಪ್ಸಿ. ನಾವು ಸಿಕ್ಕಿಹಾಕ್ಕೊಂಡಿದ್ದು ಇಲ್ಲಿ.

ಎಸ್ಟೀಮ್ ಎಂಜಿನ್ನೂ 1.3 ಜಿಪ್ಸಿ ಎಂಜಿನ್ನೂ ಒಂದೇ ಕುಟುಂಬದ್ದು, ಜಿ13. ಹಾಗಾಗಿ ಎಸ್ಟೀಮ್ ಎಂಜಿನ್ನಿಗೆ ಜಿಪ್ಸಿಯ ಐದು ಗೇರಿನ ಬಾಕ್ಸು ಜೋಡಿಸ್ಬಹುದು, ಆದ್ರೆ ಫ್ಲೈವೀಲು, ಕ್ಲಚ್ಚು, ಸೆಲ್ಫು, ಆಯಿಲ್ ಚೇಂಬರು, ಚೇಂಬರಿನೊಳಗೆ ಆಯಿಲ್ ಎಳೆಯೋ ಪೈಪು ಇಷ್ಟೂ ಜಿಪ್ಸಿದೇ ಬೇಕು. ಜಿಪ್ಸಿ ಸಾಮಾನಿಗೆ ಕಾಡು ಸುತ್ತೋ ಹುಡುಗರ ಡಿಮ್ಯಾಂಡ್ ಇದೆ, ಗುಜರಿಯವ್ರಿಗೂ ಅದು ಚೆನ್ನಾಗಿ ಗೊತ್ತು. ಎರಡು ತಿಂಗಳು ಹುಬ್ಬಳ್ಳಿ, ಬೆಳಗಾವಿ ಅಂತ ಫೋನ್ ಮಾಡಿ ಮಾಡಿ ಕೊನೆಗೆ ಗೇರ್‌ಬಾಕ್ಸಿಗೆ ಕೊಟ್ಟಿದ್ದು ಎಂಜಿನ್ನಿಗಿಂತ ಜಾಸ್ತಿ. ಮೊದಲೇ ಜೋಡಿಯಾಗಿ ಜಿಪ್ಸಿದೇ ತಗೊಂಡಿದ್ರೆ ಅಷ್ಟರಲ್ಲೇ ಮುಗೀತಿತ್ತು, ಫೋನಿನ ಬಿಲ್ಲೂ ಉಳೀತಿತ್ತು.

ಜಿಪ್ಸಿ ಗೇರ್‌ಬಾಕ್ಸಿಂದ ಒಂದು ಅನುಕೂಲ, ಒಂದು ತಮಾಷೆ. ಫೋರ್ ವೀಲ್ ಡ್ರೈವಿಗೆ ಓಟಾನ ಮುಂದೆ ಹಿಂದೆ ಹಂಚೋ ಟ್ರಾನ್ಸ್‌ಫರ್ ಕೇಸು ಅದಕ್ಕೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟಿದೆ, ಆ ಶಾಫ್ಟ್ ಬಿಚ್ಚಿದ್ರೆ ಸಾದಾ ಗೇರ್‌ಬಾಕ್ಸ್ ಉಳಿಯುತ್ತೆ, ಅಲ್ಲಿಗೆ ನಿಮ್ಮ ಪ್ರೊಪೆಲರ್ ಶಾಫ್ಟ್ ಜೋಡಿಸ್ಬಹುದು. ತಮಾಷೆ ಏನಂದ್ರೆ ಸ್ಪೀಡೋಮೀಟರ್ ಕೇಬಲ್ ಹೊರಡೋದು ಆ ಟ್ರಾನ್ಸ್‌ಫರ್ ಕೇಸಿಂದ. ಅದನ್ನ ಬಿಟ್ರೆ ಮೀಟರೂ ಹೋಯ್ತು. ಮಾವ "ಮೀಟ್ರು ನೋಡ್ಕೊಂಡು ಯಾವಾಗ ಓಡ್ಸಿದ್ದಿ ನಾ" ಅಂತ ಕೈ ಬೀಸಿದ್ರು, ಆದ್ರೆ ಗಾಡಿ ಫಿಟ್ ಇದೆ ಅನ್ನೋ ಎಫ್‌ಸಿಗೆ ಮೀಟರ್ ಬೇಕು, ಜಿಪಿಎಸ್ ಮೀಟರ್ ಹಾಕೋದು ಈಗ ಇರೋ ಸುಲಭ ದಾರಿ.

ಜಾಗದ ಅಳತೆಗೆ ಬರೋಣ. ನಮ್ಮ ಮನೇಲಿ ಫ್ರಿಡ್ಜ್ ಬಂದ ರಟ್ಟಿನ ಡಬ್ಬ ಇತ್ತು, ಅದನ್ನ ಕತ್ತರಿಸಿ ಎಂಜಿನ್ನಿನಷ್ಟೇ ಉದ್ದ ಅಗಲ ಎತ್ತರದ ಒಂದು ರಟ್ಟಿನ ಎಂಜಿನ್ ಮಾಡಿ, ಹಿಂದೆ ಗೇರ್‌ಬಾಕ್ಸಿನ ಆಕಾರ ಅಂಟಿಸಿ, ಖಾಲಿ ಬಾನೆಟ್ಟಿನೊಳಗೆ ಇಟ್ಟು ನೋಡಿದ್ವಿ. ನೋಡಿದವ್ರೆಲ್ಲ ನಕ್ಕರು, ಆದ್ರೆ ಇಡೀ ಪ್ಲಾನಿನಲ್ಲಿ ನಮ್ಮ ದುಡ್ಡು ಜಾಸ್ತಿ ಉಳಿಸಿದ್ದು ಅದೇ ರಟ್ಟು. ನೋಡ್ಬೇಕಾಗಿರೋದು ಇಷ್ಟು: ಮುಂದಿನ ಅಡ್ಡಪಟ್ಟಿಗೆ ಆಯಿಲ್ ಚೇಂಬರಿನ ಹೊಟ್ಟೆ ತಾಗುತ್ತಾ, ಸ್ಟೇರಿಂಗ್ ಬಾಕ್ಸ್ ಇರೋ ಬಲಗಡೆಗೇ ಸೈಲೆನ್ಸರ್ ಮ್ಯಾನಿಫೋಲ್ಡ್ ಬರುತ್ತಾ, ಬ್ರೇಕಿನ ಮಾಸ್ಟರ್ ಸಿಲಿಂಡರಿಗೆ ಅದರ ಬಿಸಿ ಬಡಿಯುತ್ತಾ, ಬಾನೆಟ್ ಮುಚ್ಚೋವಾಗ ಏರ್ ಕ್ಲೀನರ್ ತಾಗುತ್ತಾ, ಫ್ಯಾನಿಗೂ ರೇಡಿಯೇಟರಿಗೂ ನಡುವೆ ಎಷ್ಟು ಬೆರಳು ಜಾಗ. ನಮ್ಮದ್ರಲ್ಲಿ ಹಿಂದುಗಡೆ ಒಂದು ಪೇಚಾಟ ಆಯ್ತು, ಎಸ್ಟೀಮ್ ಹೆಡ್ಡಿನಲ್ಲಿ ಡಿಸ್ಟ್ರಿಬ್ಯೂಟರ್ ಇರೋದು ಗೇರ್‌ಬಾಕ್ಸಿನ ಕಡೆ ತುದಿಯಲ್ಲಿ, ಎಂಜಿನ್ ಉದ್ದಕ್ಕೆ ತಿರುಗಿಸಿದ್ರೆ ಅದು ಸೀದಾ ಕ್ಯಾಬಿನ್ ಗೋಡೆ ಕಡೆ ಬರುತ್ತೆ. ಕ್ಯಾಪ್ ಬಿಚ್ಚಿ ಒಳಗೆ ನೋಡೋಕೆ ಕೈ ಹೋಗೋ ಜಾಗ ಬಿಡ್ಲೇಬೇಕು, ಇಲ್ದಿದ್ರೆ ಮಳೆಗಾಲದಲ್ಲಿ ಕ್ಯಾಪ್ ಒಳಗೆ ತೇವ ಕೂತಾಗ ಒರೆಸೋಕೆ ಎಂಜಿನ್ನೇ ಇಳಿಸ್ಬೇಕಾಗುತ್ತೆ. ನಮ್ಮ ಕಡೆ ಮಳೆಗಾಲ ಎಷ್ಟು ತಿಂಗಳು ಅಂತ ಬೇರೆ ಹೇಳ್ಬೇಕಾ.

ಚೇಂಬರ್ ತಾಗಿದ್ರೆ ಕತ್ತರಿಸಿ ವೆಲ್ಡ್ ಮಾಡಿ ಚಪ್ಪಟೆ ಮಾಡೋದು ಎಲ್ಲರೂ ಹೇಳೋ ಉಪಾಯ. ಮಾಡ್ಬಹುದು, ಆದ್ರೆ ಎತ್ತರದಲ್ಲಿ ಕಳೆದ ಜಾಗಾನ ಅಗಲದಲ್ಲಿ ವಾಪಸ್ ಕೊಡ್ಬೇಕು, ಆಯಿಲ್ ಹಿಡಿಯೋ ಪ್ರಮಾಣ ಕಡಿಮೆ ಆಗ್ಬಾರ್ದು. ಒಳಗೆ ಆಯಿಲ್ ಎಳೆಯೋ ಪೈಪಿನ ಬಾಯಿಗೂ ತಳಕ್ಕೂ ನಡುವೆ ಒಂದು ಸೆಂಟಿಮೀಟರಿನಷ್ಟು ಸಂದು ಇರ್ಲೇಬೇಕು, ತಳಕ್ಕೆ ಅಂಟಿದ್ರೆ ಆಯಿಲ್ ಬರಲ್ಲ, ತುಂಬಾ ಮೇಲಿದ್ರೆ ಘಟ್ಟದ ಹೇರ್‌ಪಿನ್ ತಿರುವಿನಲ್ಲಿ ಆಯಿಲ್ ಒಂದು ಕಡೆ ಓಡಿ ಪೈಪು ಗಾಳಿ ಕುಡಿಯುತ್ತೆ. ಗಾಳಿ ಕುಡಿದ ಎಂಜಿನ್ ಎಷ್ಟು ಹೊತ್ತು ಬದುಕುತ್ತೆ ಅಂತ ಲೆಕ್ಕ ಹಾಕೋದು ಬೇಡ.

ಫೌಂಡೇಶನ್ ವಿಷಯದಲ್ಲಿ ಕರಾವಳಿಯವ್ರು ಎರಡು ಪಟ್ಟು ಹುಷಾರಾಗಿರ್ಬೇಕು. ಪದ್ಮಿನಿಗೆ ಜೀಪಿನ ಥರ ಬೇರೆ ಚಾಸಿ ಇಲ್ಲ, ತಗಡಿನ ಬಾಡಿಯೇ ಚಾಸಿ. ಅಂಥ ತಗಡಿಗೆ ಒಂದು ಬ್ರ್ಯಾಕೆಟ್ ತಂದು ಬೆಸುಗೆ ಹಾಕಿದ್ರೆ ಎಂಜಿನ್ನಿನ ಎಳೆತಕ್ಕೆ ಅಲ್ಲೇ ಹರಿಯುತ್ತೆ. ಕಾರವಾರ, ಅಂಕೋಲಾ, ಭಟ್ಕಳ ಕಡೆ ಉಪ್ಪುಗಾಳಿಗೆ ನಿಂತ ಗಾಡಿಯಲ್ಲಂತೂ ಹೊರಗೆ ಪೇಂಟ್ ಮಿರಮಿರ ಅಂತಿರುತ್ತೆ, ಸ್ಕ್ರೂಡ್ರೈವರಲ್ಲಿ ಚುಚ್ಚಿದ್ರೆ ಒಳಗೆ ಹಪ್ಪಳ. ಆದ್ದರಿಂದ ಎಂಜಿನ್ ಹುಡುಕೋಕೂ ಮೊದಲು ಮುಂದಿನ ಎರಡು ಉದ್ದಪಟ್ಟಿ, ಜ್ಯಾಕ್ ಇಡೋ ಜಾಗ, ನೆಲದ ಮ್ಯಾಟಿನ ಕೆಳಗೆ ಎಲ್ಲ ಚುಚ್ಚಿ ನೋಡಿ. ಅಲ್ಲಿ ಕೊಳೆತಿದ್ರೆ ದುಡ್ಡು ಮೊದಲು ತಗಡಿಗೆ. ಆಮೇಲೆ, ಹಳೇ ಎಂಜಿನ್ ಕೂತಿದ್ದ ಮೂಲ ಬೋಲ್ಟಿನ ತೂತುಗಳನ್ನೇ ಬಳಸಿ, ಎರಡೂ ಕಡೆ ಹಿಡಿಯೋ ಒಂದು ಅಡ್ಡಪಟ್ಟಿ ಮಾಡಿಸಿ, ಅದರ ಮೇಲೆ ಹೊಸ ಎಂಜಿನ್ನಿನ ರಬ್ಬರು. ಬಾಡಿ ಮೇಲೆ ಬೆಸುಗೆ ಬೇಡ, ತೂಕ ಹಂಚಿಹೋಗುತ್ತೆ, ನಾಳೆ ಬಿಚ್ಚಿ ತೆಗೀಬಹುದು. ಜಿ13 ಎಂಜಿನ್ನಿನ ಬ್ಲಾಕೇ ಅಲ್ಯೂಮಿನಿಯಮ್ಮಿನದು, ಪದ್ಮಿನಿದು ಎರಕದ ಕಬ್ಬಿಣ, ಅಂದ್ರೆ ಮೂತಿ ಹಗುರ ಆಗುತ್ತೆ, ಮುಂದೆ ಗಾಡಿ ಸ್ವಲ್ಪ ಎತ್ತರಕ್ಕೆ ನಿಲ್ಲುತ್ತೆ, ಅದೇನೂ ತೊಂದ್ರೆ ಅಲ್ಲ.

ಎಂಜಿನ್ ಕೂರಿಸೋವಾಗ ಗೇರ್‌ಬಾಕ್ಸಿನ ಹಿಂದಿನ ತುದಿ ಎರಡು ಮೂರು ಡಿಗ್ರಿ ಕೆಳಗೆ ಬಾಗಿರಲಿ, ಹಿಂದಿನ ಹೌಸಿಂಗಿನ ಪಿನಿಯನ್ನೂ (ಶಾಫ್ಟ್ ಬಂದು ಸೇರೋ ತುದಿ) ಅದಕ್ಕೆ ಸಮಾನಾಂತರ ಇರಲಿ. ಪ್ರೊಪೆಲರ್ ಶಾಫ್ಟಿನ ಎರಡು ತುದಿಯ ಬಾಗೋ ಕೀಲು, ಅಂದ್ರೆ ಕ್ರಾಸಿನಲ್ಲೂ ಕೋನ ಒಂದೇ ಸಮ ಇದ್ರೆ ಒಂದರ ಏರಿಳಿತಾನ ಇನ್ನೊಂದು ಸರಿ ಮಾಡುತ್ತೆ, ಹೆಚ್ಚುಕಮ್ಮಿ ಆದ್ರೆ ಅರವತ್ತರ ಸ್ಪೀಡಿನಲ್ಲಿ ಸೀಟಿನ ಕೆಳಗೆ ಜೇನುಗೂಡು ಇದ್ದಂಗೆ ಗುಂಯ್ ಅನ್ನುತ್ತೆ. ಫೋನಿನಲ್ಲಿ ಕೋನ ಅಳೆಯೋ ಆಪ್ ಇದೆ, ಅದು ಸಾಕು. ಶಾಫ್ಟ್ ಕತ್ತರಿಸಿ ಉದ್ದ ಸರಿ ಮಾಡೋದನ್ನ ಊರಿನ ಲೇತಲ್ಲಿ ಮಾಡ್ಬಹುದು, ಬ್ಯಾಲೆನ್ಸಿಂಗ್ ಮಾತ್ರ ಮಷೀನ್ ಇರೋ ಕಡೆನೇ ಮಾಡಿಸಿ, ಅದಕ್ಕೋಸ್ಕರ ಹುಬ್ಬಳ್ಳಿಗೆ ಹೋದ್ರೂ ಪರ್ವಾಗಿಲ್ಲ. ಎರಡು ಸ್ಪ್ರಿಂಗಿನ ಮೇಲೆ ಹೌಸಿಂಗ್ ಕುಣಿಯೋವಾಗ ಶಾಫ್ಟ್ ಹಿಂದೆ ಮುಂದೆ ಜಾರುತ್ತೆ, ಜಾರೋಕೆ ಎರಡೂ ಕಡೆ ಒಂದೆರಡು ಸೆಂಟಿಮೀಟರ್ ಬಿಟ್ಟೇ ಅಳತೆ ತಗೊಳ್ಳಿ, ಅಳತೆ ತಗೊಳ್ಳೋವಾಗ ಗಾಡಿ ಚಕ್ರದ ಮೇಲೆ ನಿಂತಿರ್ಬೇಕು, ಜ್ಯಾಕಿನ ಮೇಲೆ ಅಲ್ಲ.

ಹಿಂದಿನ ಹೌಸಿಂಗಿನ ರೇಶಿಯೋ ಎಷ್ಟು ಅಂತ ತಿಳ್ಕೊಳ್ಳೋಕೆ ಏನೂ ಬಿಚ್ಚೋದು ಬೇಡ. ಗಾಡಿ ನ್ಯೂಟ್ರಲ್ಲಿಗೆ ಹಾಕಿ, ಹಿಂದಿನ ಒಂದೇ ಚಕ್ರ ಎತ್ತಿ, ಇನ್ನೊಂದು ನೆಲದ ಮೇಲೇ ಇರಲಿ, ಎತ್ತಿದ ಚಕ್ರನ ಸರಿಯಾಗಿ ಎರಡು ಸುತ್ತು ತಿರುಗಿಸಿ, ಆಗ ಶಾಫ್ಟ್ ಎಷ್ಟು ಸುತ್ತು ತಿರುಗ್ತೋ ಅದೇ ರೇಶಿಯೋ. ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳ್ಕೊಳ್ಳಿ, ಮತ್ತೆ ಉಳಿದ ಚಕ್ರಕ್ಕೆ ಕಲ್ಲು ಕೊಡೋದು ಮರೀಬೇಡಿ. ನಾಲ್ಕೂ ಚಿಲ್ಲರೆ ಸುತ್ತು ಬರುತ್ತೆ. 4.3 ಅಂತ ಇಟ್ಕೊಳ್ಳಿ, ಟೈರು ಒಂದು ಸುತ್ತಿಗೆ 1.85 ಮೀಟರ್ ಹೋಗುತ್ತೆ ಅಂತ ಇಟ್ಕೊಳ್ಳಿ. ಟಾಪ್ ಗೇರ್ ಸೀದಾ ಒಂದಕ್ಕೊಂದು ಇದ್ದು ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದ್ರೆ, 3000 ಭಾಗಿಸು 4.3, ಅಂದ್ರೆ ಚಕ್ರ ಸುಮಾರು 698 ಸುತ್ತು, ಗಂಟೆಗೆ 77 ಕಿಲೋಮೀಟರ್. ಅದೇ ಐದನೇ ಗೇರ್ 0.8 ಇದ್ರೆ ಅಷ್ಟೇ 3000ದಲ್ಲಿ 97. ಮಾವನಿಗೆ ಬೇಕಾಗಿದ್ದು ಇದೇ. ಎಂಜಿನ್ ತಗೊಳ್ಳೋ ಮುಂಚೆ ಈ ಲೆಕ್ಕ ಹಾಕಿ, ಹೊಸ ಗೇರ್‌ಬಾಕ್ಸಿನ ಮೊದಲನೇ ಗೇರ್ ಹಳೇ ಹೌಸಿಂಗಿನ ಜೊತೆ ಸೇರಿ ಘಟ್ಟಕ್ಕೆ ಸಾಕಾ, ಟಾಪ್ ಗೇರ್ ಹೆದ್ದಾರಿಗೆ ಸಾಕಾ ಅಂತ ಕಾಗದದಲ್ಲೇ ಗೊತ್ತಾಗುತ್ತೆ.

ಕೂಲಿಂಗಿನಲ್ಲಿ ಜಿಪುಣತನ ಮಾಡಿದವ್ರು ಘಟ್ಟದಲ್ಲಿ ನಿಂತಿರ್ತಾರೆ. ಸುಟ್ಟ ಪೆಟ್ರೋಲಿನ ಶಕ್ತಿ ಹೆಚ್ಚೂಕಡಿಮೆ ಮೂರು ಪಾಲಾಗುತ್ತೆ, ಒಂದು ಪಾಲು ಚಕ್ರಕ್ಕೆ, ಒಂದು ಸೈಲೆನ್ಸರಿಂದ ಹೊರಗೆ, ಇನ್ನೊಂದು ನೀರಿಗೆ. ಅಂದ್ರೆ ಎಂಜಿನ್ನಿಂದ ಎಷ್ಟು ಶಕ್ತಿ ತೆಗೀತೀರೋ ಸುಮಾರು ಅಷ್ಟೇ ಬಿಸಿಯನ್ನ ರೇಡಿಯೇಟರ್ ಹೊರಗೆ ಹಾಕ್ಬೇಕು. ನಲವತ್ತು ಬಿಎಚ್‌ಪಿಗೆ ಮಾಡಿದ ರೇಡಿಯೇಟರ್ ಅರವತ್ತೈದಕ್ಕೆ ಸಾಲಲ್ಲ, ಅದೂ ಎರಡನೇ ಗೇರಲ್ಲಿ ನಿಧಾನಕ್ಕೆ ಏರೋವಾಗ ಎದುರಿಂದ ಗಾಳಿನೂ ಇಲ್ಲ. ಎಂಜಿನ್ ಕೊಟ್ಟ ಗಾಡಿಯದ್ದೇ ರೇಡಿಯೇಟರ್ ಮತ್ತು ಕರೆಂಟ್ ಫ್ಯಾನ್ ಸೇರಿಸಿ ತಗೊಳ್ಳಿ, ಹೋಸ್ ಪೈಪಿನ ಅಳತೆನೂ ಸರಿಹೋಗುತ್ತೆ. ರೇಡಿಯೇಟರಿನ ಮೇಲಿನ ಮಟ್ಟ ಎಂಜಿನ್ನಿನ ನೀರಿನ ದಾರಿಗಿಂತ ಕೆಳಗೆ ಬಂದ್ರೆ ಗಾಳಿ ಹೆಡ್ಡಿನೊಳಗೆ ಸಿಕ್ಕಿಹಾಕ್ಕೊಳ್ಳುತ್ತೆ, ಹಾಗಾದ್ರೆ ಎಲ್ಲಕ್ಕಿಂತ ಮೇಲೆ ಒಂದು ಟ್ಯಾಂಕ್ ಇಟ್ಟು ಅಲ್ಲಿಂದ ನೀರು ತುಂಬಿ.

ಹಳೇ ಥರ ಗಾಳಿ ಪೆಟ್ರೋಲ್ ಬೆರೆಸೋ ಕಾರ್ಬೋರೇಟರಾ, ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸೋ ಎಂಪಿಎಫ್‌ಐಯಾ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಬಜೆಟ್ ಕಡಿಮೆ ಇದ್ರೆ ಕಾರ್ಬೋರೇಟರೇ. ಹಳೇ ಟ್ಯಾಂಕು, ಹಳೇ ಪೈಪು, ನಾಲ್ಕು ವೈರು, ಮುಗೀತು. ಎಂಪಿಎಫ್‌ಐ ಚೆನ್ನಾಗಿ ಓಡುತ್ತೆ, ಬೆಳಿಗ್ಗೆ ಚಳಿಗೆ ಒಂದೇ ಸೆಲ್ಫಿಗೆ ಏಳುತ್ತೆ, ಆದ್ರೆ ಅದಕ್ಕೆ ಮೂರು ಬಾರ್ ಹತ್ರದ ಒತ್ತಡದ ಕರೆಂಟ್ ಪಂಪು, ಅಷ್ಟು ಒತ್ತಡ ತಡೆಯೋ ಪೈಪು, ಪೆಟ್ರೋಲ್ ವಾಪಸ್ ಹೋಗೋ ದಾರಿ, ಆ ಕಂಪ್ಯೂಟರ್ ಅಂದ್ರೆ ಇಸಿಎಮ್ಮು, ಎಲ್ಲಾ ಸೆನ್ಸರು, ಕತ್ತರಿಸದ ಇಡೀ ವೈರಿಂಗು ಬೇಕು. ಗುಜರಿಯಲ್ಲಿ ವೈರನ್ನ ಕತ್ತರಿಯಲ್ಲಿ ಕತ್ತರಿಸಿ ಎಂಜಿನ್ ಬೇರೆ ಮಾಡಿರ್ತಾರೆ, ಅಂಥದ್ದು ಕೊಂಡ್ರೆ ವೈರಿಂಗಿನವ್ರ ಕೂಲಿ ಎಂಜಿನ್ನಿಗಿಂತ ಜಾಸ್ತಿ. ಕಳ್ಳರ ಕಾಟಕ್ಕೆ ಅಂತ ಇಮ್ಮೊಬಿಲೈಸರ್ ಇರೋ ಗಾಡಿಯಾದ್ರೆ ಅದೇ ಗಾಡಿಯ ಕೀಲಿಕೈನೂ ಬೇಕು, ಇಲ್ದಿದ್ರೆ ಇಸಿಎಮ್ ಸ್ಟಾರ್ಟ್ ಮಾಡೋಕೆ ಬಿಡಲ್ಲ. ಎಂಜಿನ್ನಿನ ಬಿಲ್ಲು, ಎಂಜಿನ್ ನಂಬರ್ ಕಾಣೋ ಫೋಟೋ, ಯಾವ ಗಾಡಿಯಿಂದ ಬಿಚ್ಚಿದ್ದು ಅನ್ನೋ ಕಾಗದ ಇಸ್ಕೊಳ್ಳೋದನ್ನಂತೂ ಬಿಡ್ಲೇಬೇಡಿ, ಕದ್ದ ಗಾಡಿದಾದ್ರೆ ಪೊಲೀಸರು ಬರೋದು ನಿಮ್ಮ ಮನೆಗೆ.

ಬ್ರೇಕಿನ ಬಗ್ಗೆ ಮೇಸ್ತ್ರಿ ಒಂದು ಮಾತೂ ಆಡಿರ್ಲಿಲ್ಲ, ನಾವೂ ಕೇಳಿರ್ಲಿಲ್ಲ. ಗಾಡಿ ಓಡೋ ಶಕ್ತಿ ಸ್ಪೀಡಿನ ವರ್ಗಕ್ಕೆ ಸರಿಯಾಗಿ ಏರುತ್ತೆ, 80ರಿಂದ 100ಕ್ಕೆ ಹೋದ್ರೆ ಸ್ಪೀಡು ಕಾಲು ಪಾಲಷ್ಟೇ ಜಾಸ್ತಿ, ಆದ್ರೆ ಬ್ರೇಕು ನುಂಗ್ಬೇಕಾದ ಬಿಸಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ನಾಲ್ಕೂ ಕಡೆ ಡ್ರಮ್ ಇರೋ ಹಳೇ ಗಾಡಿಯಲ್ಲಿ ಘಟ್ಟ ಇಳಿಯೋವಾಗ ಡ್ರಮ್ ಕಾದು ಪೆಡಲ್ ಮೆತ್ತಗಾಗೋದು ಎಲ್ಲರಿಗೂ ಗೊತ್ತಿರೋದೇ. ಕನಿಷ್ಠ ಹೊಸ ಲೈನರು, ಹೊಸ ವೀಲ್ ಸಿಲಿಂಡರು, ಹೊಸ ಹೋಸು, ಹೊಸ ಬ್ರೇಕ್ ಆಯಿಲ್ಲು, ಇದನ್ನ ಎಂಜಿನ್ ಹಾಕೋ ಮುಂಚೆ ಮಾಡಿಸಿ. ಆಮೇಲೆ ಅಂದ್ರೆ ದುಡ್ಡು ಉಳಿದಿರಲ್ಲ.

ದುಡ್ಡಿನ ಲೆಕ್ಕ ನಾನು ಹಾಕೋದು ಹೀಗೆ, ಇದು ಕೈ ಸುಟ್ಟುಕೊಂಡ ಮೇಲೆ ಹುಟ್ಟಿದ ಲೆಕ್ಕ, ಶಾಸ್ತ್ರ ಏನಲ್ಲ. ಕೈಯಲ್ಲಿ ನೂರು ರೂಪಾಯಿ ಇದ್ರೆ ಎಂಜಿನ್ನು ಗೇರ್‌ಬಾಕ್ಸು ಜೋಡಿಗೆ ಮೂವತ್ತೈದಕ್ಕಿಂತ ಜಾಸ್ತಿ ಕೊಡ್ಬೇಡಿ. ಲೇತು, ಬೆಸುಗೆ, ಶಾಫ್ಟಿಗೆ ಇಪ್ಪತ್ತು, ಬ್ರೇಕಿಗೆ ಹತ್ತು, ರೇಡಿಯೇಟರ್ ವೈರಿಂಗಿಗೆ ಹದಿನೈದು. ಉಳಿದ ಇಪ್ಪತ್ತನ್ನ ಮುಟ್ಟಬೇಡಿ, ಅದು ತಾನಾಗೇ ಹೋಗುತ್ತೆ. ಸಾಧ್ಯ ಆದ್ರೆ ಎಂಜಿನ್ ಮಾತ್ರ ಕೊಳ್ಳೋ ಬದಲು ಓಡ್ತಾ ಇರೋ ಇಡೀ ಹಳೇ ಗಾಡಿನೇ ತಗೊಳ್ಳಿ. ಓಡಿಸಿ ನೋಡಿ ತಗೋಬಹುದು, ಸಣ್ಣ ಸಣ್ಣ ಬ್ರ್ಯಾಕೆಟ್ಟು, ಬೋಲ್ಟು, ಕೇಬಲ್ಲು, ಕ್ಲಿಪ್ಪು ಎಲ್ಲ ಅದರಲ್ಲೇ ಸಿಗುತ್ತೆ, ಕೆಲಸ ಮುಗಿದ ಮೇಲೆ ಉಳಿದ ತಗಡನ್ನ ಆರ್‌ಸಿ ರದ್ದು ಮಾಡಿಸಿ ಗುಜರಿಗೆ ಮಾರಿದ್ರೆ ಒಂದಿಷ್ಟು ವಾಪಸ್ ಬರುತ್ತೆ. ನಾವು ಆ ಸಣ್ಣ ಸಾಮಾನಿಗೋಸ್ಕರ ಎಷ್ಟು ಸಲ ಪೇಟೆಗೆ ಹೋದ್ವಿ ಅಂತ ಲೆಕ್ಕನೇ ಇಟ್ಟಿಲ್ಲ, ಇಟ್ಟಿದ್ರೆ ಅತ್ತೆ ಬೈತಿದ್ರು.

ಎಂಜಿನ್ ಹೊರಗಿರೋವಾಗಲೇ ಟೈಮಿಂಗ್ ಬೆಲ್ಟು, ವಾಟರ್ ಪಂಪು, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು, ಕ್ಲಚ್ಚಿನ ರಿಲೀಸ್ ಬೇರಿಂಗು ಹೊಸದು ಹಾಕಿಬಿಡಿ, ಒಳಗೆ ಹೋದ ಮೇಲೆ ಅದೇ ಸೀಲಿಗೆ ಇಡೀ ಗೇರ್‌ಬಾಕ್ಸ್ ಇಳಿಸ್ಬೇಕು. ಮೊದಲ ಸಲ ಸ್ಟಾರ್ಟ್ ಮಾಡೋ ಮುಂಚೆ ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದು ಆಯಿಲ್ ಲೈಟ್ ಆರೋವರೆಗೆ ತಿರುಗಿಸಿ, ಆಮೇಲೆ ಪ್ಲಗ್ ಹಾಕಿ. ಬಿಸಿ ಆಗಲಿ, ಆರಲಿ, ಮತ್ತೆ ಬಿಸಿ ಆಗಲಿ, ಫೌಂಡೇಶನ್ನಿನ ಬೋಲ್ಟ್ ಎಲ್ಲ ಮತ್ತೊಮ್ಮೆ ಬಿಗಿ ಮಾಡಿ, ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ. ನಮ್ಮದು ಈಗ ಚೈನ್ ಬ್ಲಾಕಿನಲ್ಲಿ ನೇತಾಡ್ತಾ ಇದೆ, ಅಡ್ಡಪಟ್ಟಿ ಲೇತಿನಲ್ಲಿದೆ, ಅರ್ಜಿ ಆಫೀಸಿನಲ್ಲಿದೆ. ಒಪ್ಪಿಗೆ ಬಂದು ಕಾಗದ ಕೈಗೆ ಸಿಕ್ಕಿದ್ರೆ ಮೊದಲ ಓಟ ಎಲ್ಲಿಗೆ ಅಂತ ಮಾತ್ರ ತೀರ್ಮಾನ ಆಗಿದೆ. ಮಾವ ದೇವಿಮನೆ ಘಟ್ಟ ಅಂದ್ರು, ನಾನು ಬನವಾಸಿ ಅಂದೆ. ಆ ಕಡೆ ರಸ್ತೆ ಹೆಚ್ಚು ಏರಿಳಿತ ಇಲ್ಲ, ಕೆಟ್ಟು ನಿಂತ್ರೂ ಎಳ್ಕೊಂಡು ಬರೋಕೆ ಟ್ರ್ಯಾಕ್ಟರ್ ಸಿಗುತ್ತೆ.